ಚಿಪ್ಪಿನ ಮೇಲಿನ ಬಿಳಿ ಪುಡಿ

ಮೂರನೆಯ ಖಾನೆಯಲ್ಲೂ ಬಿಳಿ ಪುಡಿ.

ಬಡಗಿ ಉಸಿರು ಬಿಗಿಹಿಡಿದು ಒಂದು ಚಿಪ್ಪನ್ನು ಎತ್ತಿದ. ಅದರ ಅಂಚು ಹಳೆಯ ಗೋಡೆಯ ಸುಣ್ಣದಂತೆ ಬೆರಳಿಗೆ ಅಂಟಿಕೊಂಡು ಬಂತು. ಖಾನೆಯೊಳಗಿಂದ ಹುಳಿ ವಾಸನೆ ಮೂಗಿಗೆ ಹೊಡೆಯಿತು. ವಿನೆಗರ್. ಆ ವಾಸನೆ ಈ ಮನೆಯಲ್ಲಿ ಒಬ್ಬರ ಕೈಯಿಂದ ಮಾತ್ರ ಬರುತ್ತಿತ್ತು.

ಸೊಸೆಗೆ ಲಾಂಡ್ರಿಯಲ್ಲಿ ಕಲೆ ತೆಗೆಯುವ ಕೆಲಸ. ಎಷ್ಟು ಸೋಪು ಹಾಕಿ ತೊಳೆದರೂ ಅವಳ ಬೆರಳುಗಳಿಂದ ವಿನೆಗರ್ ವಾಸನೆ ಹೋಗುತ್ತಿರಲಿಲ್ಲ. ಚಿಪ್ಪಿಗೂ ಹುಳಿಗೂ ಎಣ್ಣೆ ಸೀಗೆಕಾಯಿ, ಹುಳಿ ತಗುಲಿದರೆ ಚಿಪ್ಪು ಕರಗುತ್ತದೆ ಎಂದು ಬಡಗಿಗೆ ಹೇಳಿದ್ದವನು ಮಗನೇ. ಹೇಳುವಾಗ ಅವಳೂ ಪಕ್ಕದಲ್ಲಿದ್ದಳು.

ಮಗ ಭೂಮಿಯ ತುದಿಯ ಹಿಮದಲ್ಲಿ ಪಳೆಯುಳಿಕೆ ಹುಡುಕುತ್ತಿದ್ದವನು. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿದ್ದ ಸಮುದ್ರದ ಚಿಪ್ಪುಗಳು ಈಗ ಬಂಡೆಗಳ ನಡುವೆ ಸಿಗುತ್ತವಂತೆ. ಒಮ್ಮೆ ರಜೆಗೆ ಬಂದಾಗ ಒಂದನ್ನು ಅಪ್ಪನ ಅಂಗೈಯಲ್ಲಿಟ್ಟಿದ್ದ. "ನೋಡಪ್ಪ, ಮರಕ್ಕಿರೋ ಹಾಗೆ ಇದಕ್ಕೂ ವರ್ಷಕ್ಕೊಂದು ಉಂಗುರ. ಅಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಹುಟ್ಟಲ್ಲ. ಅಂಥ ಕತ್ತಲೇಲೂ ಬೆಳೆದಿದೆ!" ಮಗನ ವಿದ್ಯೆಯಲ್ಲಿ ಬಡಗಿಗೆ ಅರ್ಥವಾದದ್ದು ಅದೊಂದೇ. ಅಷ್ಟಕ್ಕೇ ಅವನ ಎದೆ ಉಬ್ಬಿತ್ತು.

ಮುಂದಿನ ಸಲ ಹೋದವನು ಹಿಮದ ಬಿರುಕಿಗೆ ಬಿದ್ದ. ದೇಹ ಸಿಗಲಿಲ್ಲ. ಜೊತೆಗಾರರು ತಂದುಕೊಟ್ಟದ್ದು ಹತ್ತಿಯಲ್ಲಿ ಸುತ್ತಿದ, ಅವನ ಪಾಲಿನ ಚಿಪ್ಪುಗಳನ್ನು.

ಮುಂದೆ ಹುಟ್ಟಲಿರುವ ಮೊಮ್ಮಗುವಿನ ತೊಟ್ಟಿಲಿಗೆಂದು ಅಟ್ಟದ ಮೇಲೆ ಎತ್ತಿಟ್ಟಿದ್ದ ಹಲಗೆಗಳನ್ನು ಬಡಗಿ ಕೆಳಗಿಳಿಸಿದ. ಇನ್ನು ಅವುಗಳಿಗೆ ಬೇರೆ ಕೆಲಸವಿರಲಿಲ್ಲ. ಹೊಟ್ಟೆಯ ಸಂಕಟವನ್ನೆಲ್ಲ ಉಳಿಗೆ ಒಪ್ಪಿಸಿ ಚಿಪ್ಪುಗಳಿಗೆ ಕಪಾಟು ಮಾಡಿದ. ಧೂಳು ಹೋಗಬಾರದು, ತೇವ ಹೋಗಬಾರದು. ಬಾಗಿಲು ಹಾಕಿದರೆ ಕೂದಲೂ ತೂರದು. ಜೀವಮಾನದಲ್ಲಿ ಅಂಥ ಕೆಲಸ ಅವನು ಮಾಡಿರಲಿಲ್ಲ.

ಸೊಸೆ ಒಂದು ಚಿಪ್ಪು ಕೇಳಿದಳು. ಅಂಚು ಮುರಿದದ್ದನ್ನು ಕೊಟ್ಟ. ಅವಳು ಅದನ್ನು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ಬಿಸಿಲು ಧೂಳಿಗೆ ಒಡ್ಡಿ ಇಟ್ಟಳು.

"ಮಾವ, ಉಳಿದವನ್ನೂ ಹೊರಗಿಡೋಣ. ಅವರಿಗೆ ಮುಚ್ಚಿದ ಕೋಣೆ ಅಂದ್ರೆ ಉಸಿರು ಕಟ್ತಿತ್ತು."

"ಹೊರಗೆ ಹೋಗಿದ್ದಕ್ಕೇ ಅಲ್ವಾ ಅವನನ್ನ ಕಳ್ಕೊಂಡಿದ್ದು?"

ಅಲ್ಲಿಗೆ ಆ ಮಾತು ನಿಂತಿತು. ಕೆಲವು ತಿಂಗಳು ಕಳೆದ ಮೇಲೆ ಪುಡಿ ಕಾಣಿಸಿಕೊಂಡಿತು.

ಬಡಗಿ ಬೀಗ ಬದಲಾಯಿಸಿದ. ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡ. ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಬಡಿದ. ಆದರೂ ಈಗ ಮೂರನೆಯ ಖಾನೆ. ವಾಸನೆ ಮೊದಲಿಗಿಂತ ಜೋರು. ಕಿಟಕಿಯ ಕಟ್ಟೆಯ ಚಿಪ್ಪು ಮಾತ್ರ ಗುಂಡುಕಲ್ಲಿನಂತೆ ಇತ್ತು, ಒಂದು ಉಂಗುರವೂ ಮಾಸಿರಲಿಲ್ಲ. ತನ್ನದನ್ನು ಮುಟ್ಟಿಲ್ಲ, ಚಾಲಾಕಿ!

ಕಾರಣವನ್ನೂ ಬಡಗಿಯೇ ಹುಡುಕಿಕೊಂಡ. ಅವಳು ಅತ್ತದ್ದನ್ನು ಅವನು ನೋಡಿರಲಿಲ್ಲ. ಲಾಂಡ್ರಿಯ ಡ್ರೈವರನ ತಮಾಷೆಗೆ ನಕ್ಕದ್ದನ್ನು ನೋಡಿದ್ದ. ನೆನಪು ಕರಗಿದರೆ ಅವಳ ದಾರಿ ಸಲೀಸು.

ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಕೇಳಿಯೇ ಬಿಟ್ಟ. "ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋದು?"

ಅವಳು ಕಪಾಟು ನೋಡಿದಳು, ತನ್ನ ಕೈ ನೋಡಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದುಕೊಂಡ ಬಡಗಿ.

"ಕೈ ಮೂಸ್ಕೊ. ಈಗ ಇದನ್ನ ಮೂಸು."

ಮೂಸಿದಳು. ಮುಖ ಬಿಳಿಚಿತು. "ಹೌದು ಮಾವ, ಅದೇ ವಾಸನೆ. ಆದ್ರೆ ನಾನಲ್ಲ. ಕೀಲಿ ನಿಮ್ಮ ಕೊರಳಲ್ಲೇ ಇದೆಯಲ್ಲ."

"ಕಳ್ಳಕೀಲಿ ಮಾಡಿಸೋದು ಯಾವ ಮಹಾ ವಿದ್ಯೆ? ನನ್ನ ಮಗನ್ನ ಎರಡನೇ ಸಲ ಕೊಂದೆ ನೀನು. ನಡಿ ಆಚೆ."

ಅವಳು ವಾದಿಸಲಿಲ್ಲ. ಕಿಟಕಿಯ ಚಿಪ್ಪನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು. ಮೆಟ್ಟಿಲಿನ ಬಳಿ ತಿರುಗಿ, "ನನಗೂ ಇದ್ದಿದ್ದು ಅವರೊಬ್ಬರೇ ಮಾವ. ಅವರು ಹೋದ ಮೇಲೆ ನೀವು," ಎಂದಳು. ಅಡುಗೆಮನೆಯ ಕಿಟಕಿ ತೆರೆದೇ ಇತ್ತು. ಬಡಗಿ ಹೋಗಿ ಅದನ್ನೂ ಮುಚ್ಚಿದ.

ವಾರದೊಳಗೆ ಅವಳು ಊರನ್ನೇ ಬಿಟ್ಟಳೆಂದು ಡ್ರೈವರ್ ಹೇಳಿದ. ಎಲ್ಲಿಗೆಂದು ಅವನಿಗೂ ಗೊತ್ತಿರಲಿಲ್ಲ. ಪೀಡೆ ತೊಲಗಿತು ಎಂದುಕೊಂಡ ಬಡಗಿ. ಮೇಣ ಕರಗಿಸಿ ಕಪಾಟಿನ ಸಂದುಗಳಿಗೆಲ್ಲ ಸುರಿದ. ಇನ್ನು ತಾನೂ ತೆರೆಯುವುದಿಲ್ಲವೆಂದು ಮಗನ ಫೋಟೋದ ಮುಂದೆ ಮಾತು ಕೊಟ್ಟ. ಎರಡು ಚಳಿಗಾಲ ಒಬ್ಬನೇ ಅದರ ಪಕ್ಕದಲ್ಲಿ ಕೂತು ಉಂಡ, ಅದರ ಪಕ್ಕದಲ್ಲೇ ಮಲಗಿದ.

ಕೊನೆಗೆ ಉಬ್ಬಸ ಹೆಚ್ಚಿತು. ತಾನು ಸತ್ತ ಮೇಲೆ ಚಿಪ್ಪುಗಳಿಗೆ ದಿಕ್ಕು ಬೇಕಲ್ಲ ಎಂದು ಮ್ಯೂಸಿಯಮ್ಮಿಗೆ ಹೇಳಿಕಳಿಸಿದ. ಒಬ್ಬ ಹೆಂಗಸು ಬಂದಳು. ಮೇಣ ಕೆರೆದು, ಬಾಗಿಲು ತೆರೆದು, ಖಾನೆಗಳನ್ನು ಒಂದೊಂದಾಗಿ ಎಳೆದಳು. ಎಲ್ಲದರಲ್ಲೂ ಹಿಟ್ಟು ಚೆಲ್ಲಿದಂತೆ ಬಿಳಿ ಗುಪ್ಪೆಗಳು. ಆಕಾರ ಉಳಿದಿದ್ದ ಒಂದೇ ಒಂದನ್ನು ಅವಳು ಮುಟ್ಟಿದಳು. ಅದೂ ಕುಸಿಯಿತು.

"ನನ್ನ ಸೊಸೆ..." ಎಂದು ಬಡಗಿ ಶುರುಮಾಡಿದ. ಎರಡು ವರ್ಷದಿಂದ ಈ ಮನೆಗೆ ಯಾರೂ ಕಾಲಿಟ್ಟಿರಲಿಲ್ಲ.

"ಹೊರಗೆ, ಗಾಳಿಗೆ ಇಟ್ಟಿದ್ದು ಒಂದಾದ್ರೂ ಇದೆಯಾ ಯಜಮಾನ್ರೇ?"

"ಒಂದಿತ್ತು."

"ಹಾಗಾದ್ರೆ ಅದು ಚೆನ್ನಾಗೇ ಇರುತ್ತೆ." ಅವಳು ಬಗ್ಗಿ ಬಾಗಿಲಿನ ಹಲಗೆಯನ್ನು ಮೂಸಿದಳು. "ಇದಕ್ಕೆ ಯಾರೂ ಏನೂ ಸುರಿದಿಲ್ಲ. ಕೆಲವು ಮರ ಹೀಗೇ, ಒಣಗಿದ ಮೇಲೂ ಹುಳಿ ಹಬೆ ಬಿಡ್ತಾನೇ ಇರುತ್ತೆ. ಗಾಳಿ ಆಡಿದ್ರೆ ಹೊರಟುಹೋಗುತ್ತೆ. ಬಿಗಿಯಾಗಿ ಮುಚ್ಚಿದಷ್ಟೂ ಚಿಪ್ಪನ್ನ ಬೇಗ ತಿನ್ನುತ್ತೆ."

ಆಮೇಲೆ, ಮುದುಕನಿಗೆ ಸ್ವಲ್ಪ ಸಮಾಧಾನವಾಗಲೆಂದು, ಅವಳು ಬಾಗಿಲಿನ ಅಂಚಿನ ಮೇಲೆ ಬೆರಳಾಡಿಸಿದಳು.

"ಕೆಲಸ ಮಾತ್ರ ಅದ್ಭುತ, ಕೂದಲೂ ತೂರಲ್ಲ. ಯಾರು ಮಾಡಿದ್ದು ಇದನ್ನ?"