ಭಾನುವಾರದ ದುಭಾಷಿ

ಇಂದ್ರೇಶ್ ಅನುವಾದದಲ್ಲಿ ಮೋಸ ಮಾಡುತ್ತಿದ್ದಾನೆ. ಜಯಾಗೆ ಇದು ಅನುಮಾನವಲ್ಲ, ಖಾತ್ರಿ. ಒಂಬತ್ತು ವರ್ಷದ ಹುಡುಗಿ ಉಸಿರು ಬಿಡದೆ ಅಷ್ಟುದ್ದ ಮಾತಾಡುತ್ತಾಳೆ. ಗಂಡನ ಬಾಯಲ್ಲಿ ಅದು ‘ಚೆನ್ನಾಗಿದ್ದೀನಿ ಅಂತಾಳೆ’ ಎಂದಷ್ಟೇ ಆಗುತ್ತದೆ. ಇದ್ಯಾವ ಸೀಮೆ ರಷ್ಯನ್?

ಹುಡುಗಿಯ ಹೆಸರು ಅಸೆಲ್. ಇರುವುದು ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ. ತಾಯಿ ಸತ್ತಿದ್ದಳು, ತಂದೆ ಎಲ್ಲಿದ್ದಾನೋ ಯಾರಿಗೂ ಗೊತ್ತಿರಲಿಲ್ಲ. ಅನಾಥಾಶ್ರಮದ ಮಕ್ಕಳನ್ನು ಸಂಸಾರಸ್ಥರ ಮನೆಗಳಲ್ಲಿ ಇರಿಸಿ ಬೆಳೆಸುವ ಅಲ್ಲಿನ ಸಂಸ್ಥೆಯೊಂದು ಅವಳನ್ನು ಒಬ್ಬ ವಿಧವೆಯ ಮನೆಗೆ ಸೇರಿಸಿತ್ತು. ಖರ್ಚು ಜಯಾ ಮತ್ತು ಇಂದ್ರೇಶರದು. ಮಕ್ಕಳಾಗುವುದಿಲ್ಲ ಎಂದು ತಿಳಿದು ಜಯಾ ವೆಸ್ಟ್‌ಮೀಡಿನ ಫ್ಲ್ಯಾಟಿನಲ್ಲಿ ಮಂಕಾಗಿ ಕೂತಿದ್ದಾಗ ಆ ಸಂಸ್ಥೆಯನ್ನು ಹುಡುಕಿದವನು ಇಂದ್ರೇಶನೇ. ಅಷ್ಟೊಂದು ಫೋಟೋಗಳಲ್ಲಿ ಅಸೆಲ್‌ಳನ್ನು ಆರಿಸಿದವನೂ ಅವನೇ. ಎಂಥ ದೊಡ್ಡ ಮನಸ್ಸು ಎಂದು ಜಯಾ ಅವತ್ತು ಅತ್ತುಬಿಟ್ಟಿದ್ದಳು.

ಐದು ವರ್ಷದ ಹಿಂದೆ ಬಿಷ್ಕೆಕ್‌ನಲ್ಲೇ ಎಂಬಿಬಿಎಸ್ ಓದಿ ಬಂದ ಡಾಕ್ಟರ್ ಇಂದ್ರೇಶನಿಗೆ ರಷ್ಯನ್ ನೀರು ಕುಡಿದಷ್ಟು ಸಲೀಸು. ಭಾನುವಾರದ ವಿಡಿಯೋ ಕಾಲ್‌ಗೆ ಅವನೇ ದುಭಾಷಿ. ಆದರೆ ಕ್ಯಾಮೆರಾಗೆ ಬೀಳದಂತೆ ಲ್ಯಾಪ್‌ಟಾಪಿನ ಹಿಂದೆ ಕೂರುತ್ತಿದ್ದ. ಗಂಡಸರನ್ನು ಕಂಡರೆ ಮಗು ಹೆದರುತ್ತದಂತೆ. ಮೊದಲ ಸಲ ಅವನ ದನಿ ಕೇಳಿ ಅಸೆಲ್ ಏನೋ ಕೇಳಿದ್ದಳು. ಅವನು ಚುಟುಕಾಗಿ ಏನೋ ಅಂದ, ಅವಳು ಸುಮ್ಮನಾದಳು. ನಿಮ್ಮ ದೇಶದಲ್ಲಿ ಕಾಂಗರೂ ಇದೆಯಾ ಅಂತ ಕೇಳಿದಳು ಎಂದು ಜಯಾಗೆ ಹೇಳಿದ.

ಈಗ ಆ ವಿಧವೆಗೆ ಪಾರ್ಶ್ವವಾಯು. ಬೇರೆ ಮನೆ ಸಿಕ್ಕಿಲ್ಲ. ಈ ತಿಂಗಳು ಕಳೆದರೆ ಅಸೆಲ್ ವಾಪಸ್ ಅನಾಥಾಶ್ರಮಕ್ಕೆ. ಜಯಾ ಮೆಲ್ಬರ್ನ್‌ನ ಲಾಯರ್ ಒಬ್ಬಳನ್ನು ಹಿಡಿದಳು. ದತ್ತು ಕಷ್ಟ, ಆದರೆ ಪ್ರಯತ್ನಿಸಬಹುದು. ಗಂಡ ಒಪ್ಪಬೇಕು, ಮಗುವೂ ಒಪ್ಪಬೇಕು ಎಂದಳು ಆಕೆ.

“ಯಾರದೋ ಪಾಪದ ಕೂಸು, ಜಯಾ,” ಎಂದ ಇಂದ್ರೇಶ್. “ದುಡ್ಡು ಕಳಿಸ್ತಿದ್ದೀವಲ್ಲ, ಸಾಕು. ಮನೆಯೊಳಗೆ ಯಾಕೆ?”

ಜಯಾ ಮಾತು ಬಿಟ್ಟಳು. ಆಗ ಅವನು ತನ್ನ ಹಳೆಯ ಆಟ ಶುರು ಮಾಡಿದ. ಗಣಪತಿಯ ಮುಂದೆ ಮಾಡುವಂತೆ ಕೈ ಅಡ್ಡಹಾಕಿ, ಎರಡೂ ಕಿವಿ ಹಿಡಿದು, ಅವಳೆದುರು ಬಸ್ಕಿ ಹೊಡೆದ. ಕೊನೆಯದಕ್ಕೆ ಏಳುವಾಗ ಎಡಗಣ್ಣು ಮಿಟುಕಿಸಿದ. ಹಾಳಾದವನು, ಯಾವಾಗಲೂ ಹೀಗೇ ನಗಿಸಿಬಿಡುತ್ತಾನೆ. ಆಯ್ತು, ಮಗುವನ್ನೇ ಕೇಳೋಣ ಎಂದ.

ಭಾನುವಾರ ಕೇಳಿದ. ಅಸೆಲ್ ತಲೆ ತಗ್ಗಿಸಿ ಏನೋ ಅಂದಳು.

“ಬರಲ್ವಂತೆ.”

ಸುಳ್ಳ! ಜಯಾ ಬಾಯಿಬಿಟ್ಟು ಅನ್ನಲಿಲ್ಲ. ಆ ವಾರವೆಲ್ಲ ಟ್ರೈನಿನಲ್ಲಿ ಫೋನ್ ಹಿಡಿದು ರಷ್ಯನ್‌ನ ಒಂದೇ ಒಂದು ವಾಕ್ಯ ಬಾಯಿಪಾಠ ಮಾಡಿದಳು. ಮುಂದಿನ ಭಾನುವಾರ ಅವನು ತುಟಿ ಬಿಚ್ಚುವ ಮೊದಲೇ ತಾನೇ ಕೇಳಿಬಿಟ್ಟಳು: ನಮ್ಮ ಮನೆಗೆ ಬರುತ್ತೀಯಾ?

ಅಸೆಲ್ ಕುರ್ಚಿಯಿಂದ ಜಿಗಿದಳು. ‘ದಾ! ದಾ!’ ಎಂದು ಕುಣಿದಳು. ಹೌದು ಎನ್ನುವುದಕ್ಕೆ ರಷ್ಯನ್‌ನಲ್ಲಿ ಹಾಗನ್ನುತ್ತಾರೆ ಎಂದು ಜಯಾಗೆ ಈಗ ಗೊತ್ತಿತ್ತು. ಗೆದ್ದೆ ಅನ್ನಿಸಿತು.

ಲ್ಯಾಪ್‌ಟಾಪಿನ ಹಿಂದಿನಿಂದ ಇಂದ್ರೇಶ್ ಒಂದೇ ಮಾತು ಗದರಿದ. ಹುಡುಗಿಯ ಕುಣಿತ ನಿಂತಿತು. ಬೈಯಲೆಂದು ಜಯಾ ಗಂಡನತ್ತ ತಿರುಗಿದಳು. ಪರದೆಯ ಮೇಲೆ ಏನೋ ಅಲುಗಿತೆಂದು ಮತ್ತೆ ಇತ್ತ ನೋಡಿದಳು.

ಅಸೆಲ್ ಕೈ ಅಡ್ಡಹಾಕಿ ಎರಡೂ ಕಿವಿ ಹಿಡಿದುಕೊಂಡಿದ್ದಳು. ಕೂತಳು, ಎದ್ದಳು. ಕೂತಳು, ಎದ್ದಳು. ಕೊನೆಯದಕ್ಕೆ ಏಳುವಾಗ, ನೀರು ಸುರಿಯುತ್ತಿದ್ದ ಎಡಗಣ್ಣನ್ನು ಮಿಟುಕಿಸಿ, ಕಾಣದ ಆ ದನಿಗೆ ಹೇಳಿದಳು: “ಪಪ್ಪಾ.”

ಅದನ್ನು ಇಂದ್ರೇಶ್ ಅನುವಾದ ಮಾಡಲಿಲ್ಲ.