ಅರ್ಧ ಆಯಾಸಕ್ಕೇ ತುಂಬುವ ಬ್ಯಾಟರಿ

ಗಾರ್ಮೆಂಟ್ಸಿನಲ್ಲಿ ಒಂಬತ್ತು ಗಂಟೆ ಹೊಲಿಗೆ ಮಿಷನ್ ತುಳಿದು ಬಂದ ದೇವೀರಮ್ಮ, ಹೋದ ವಾರವಷ್ಟೇ ಹಳೆಯದು ಕೊಟ್ಟು ಬದಲಾಯಿಸಿಕೊಂಡಿದ್ದ, ಕೈಯಲ್ಲಿ ಹಿಡಿದು ಆಡುವ ಹೊಸ ಗೇಮ್ ಸೆಟ್ಟನ್ನು ಇಮ್ತಿಯಾಜನ ಅಂಗಡಿಯ ಕೌಂಟರಿನ ಮೇಲಿಟ್ಟಳು.

"ಇದು ಬ್ಯಾಡ ಕಣಪ್ಪ. ನನ್ನ ಹಳೇದೇ ಕೊಡು."

"ಯಾಕಕ್ಕ? ಪರದೆ ದೊಡ್ಡದು, ತೂಕ ಕಮ್ಮಿ. ಬ್ಯಾಟರಿ ಅಂತೂ ಅರ್ಧ ಆಯಾಸಕ್ಕೇ ತುಂಬುತ್ತೆ."

"ಅದೇ ಬಂದಿರೋ ಕಷ್ಟ."

ಎಲ್ಲರ ಸೆಟ್ಟುಗಳ ಹಾಗೆ ಅವಳದೂ ಹಿಡಿದವರ ಅಂಗೈಯಿಂದ ಆಯಾಸ ಹೀರಿಯೇ ಚಾರ್ಜ್ ಆಗುತ್ತಿತ್ತು. ಬಸ್ಸಲ್ಲಿ ಹಿಡಿದು ಕೂತರೆ, ಊರು ಮುಟ್ಟುವಷ್ಟರಲ್ಲಿ ಹಳೆಯದು ಅವಳ ಸೊಂಟ, ಮೊಣಕಾಲು, ಕಣ್ಣು ಎಲ್ಲದರ ನೋವನ್ನೂ ಕುಡಿದು ಮುಗಿಸುತ್ತಿತ್ತು. ಮನೆಗೆ ಹೋಗಿ ಮುದ್ದೆ ತಿರುವಲು ತೋಳಲ್ಲಿ ಕಸುವು ಇರುತ್ತಿತ್ತು. ಹೊಸದು ಅರ್ಧ ದಾರಿಯಲ್ಲೇ ಹೊಟ್ಟೆ ತುಂಬಿತೆಂದು ಹಸಿರು ದೀಪ ಹಾಕಿಕೊಂಡು ಕೂರುತ್ತಿತ್ತು. ಮಿಕ್ಕ ಆಯಾಸ ಅವಳೊಳಗೇ. ಒಂದು ವಾರದ್ದು ಸೇರಿಕೊಂಡು ಈಗ ಈ ಅಂಗಡಿಯ ಮೂರು ಮೆಟ್ಟಿಲು ಹತ್ತುವುದೂ ಸಾಕುಸಾಕಾಗಿತ್ತು.

"ಆಡಿ ಖಾಲಿ ಮಾಡ್ಬೇಕಕ್ಕ."

"ಎಲ್ಲಿ ಖಾಲಿಯಾಯ್ತದೆ? ಎರಡು ದಿನ ಓಡ್ತದೆ ಇದು."

ಅವಳ ಹಳೆಯ ಸೆಟ್ಟು ಆಗಲೇ ಕಂಪನಿಗೆ ಹೋಗಿತ್ತು. ಇಮ್ತಿಯಾಜ್ ಗುಜರಿ ಡಬ್ಬ ಕೆದಕಿ, ಎರಡು ಕಡೆ ಹಿಡಿಯಿದ್ದ, ಪರದೆ ಒಡೆದ ಒಂದನ್ನು ಎತ್ತಿಕೊಟ್ಟ.

"ಇದರಲ್ಲಿ ಆಟ ಓಡಲ್ಲ. ಬ್ಯಾಟರಿ ಸೋರುತ್ತೆ, ಅದಕ್ಕೆ ಎಷ್ಟು ಕೊಟ್ರೂ ಕುಡೀತಾನೇ ಇರುತ್ತೆ."

"ಆಟ ಯಾರಿಗೆ ಬೇಕಾಗಿತ್ತು," ಎಂದು ದೇವೀರಮ್ಮ ಸ್ಟೂಲಿನ ಮೇಲೆ ಕೂತು ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಮೆಲ್ಲಗೆ ಅವಳ ಹೆಗಲು ಇಳಿಯಿತು, ಕಣ್ಣು ಮುಚ್ಚಿತು.

ಬೆಳಗಿನಿಂದ ನಿಂತೇ ಇದ್ದ ಇಮ್ತಿಯಾಜ್ ಕೌಂಟರ್ ಸುತ್ತಿ ಬಂದು ಅವಳ ಪಕ್ಕ ನೆಲದ ಮೇಲೆ ಕೂತ.

"ಅಕ್ಕ, ಅದರ ಒಂದು ಕಡೆ ನಂಗೆ ಬಿಡಿ."