ಕುದಿಯದ ಥಿನ್ನರ್

"ಇಷ್ಟು ಕಾದ್ರೂ ಒಂದು ಗುಳ್ಳಿ ಎದ್ದಿಲ್ರೀ," ಎಂದಳು ಫಕೀರವ್ವ, ಶೆಡ್ಡಿನ ಮೂಲೆಯಿಂದ.

ಬಾಗಿಲಲ್ಲಿದ್ದ ಗಂಡ ದ್ಯಾಮಣ್ಣನ ಮುಖ ಬಿಳಿಚಿತು. ಬಣ್ಣ ತೊಳೆದ ಹಳೆಯ ಥಿನ್ನರನ್ನು ಮತ್ತೆ ಬಳಸಲು ಕಾಯಿಸಿ ಶುದ್ಧ ಮಾಡುವ ಗಾಜಿನ ಪಾತ್ರೆಗೆ ಮೊದಲೇ ಮಡಕೆಚೂರು ಹಾಕುತ್ತಾರೆ. ಚೂರಿನೊಳಗಿನ ಗಾಳಿಯಿಂದ ಗುಳ್ಳೆ ಎದ್ದು ಅದು ಮೆಲ್ಲಗೆ ಕುದಿಯುತ್ತದೆ.

"ಚೂರು ಹಾಕಿಲ್ಲೇನ?"

"ಹಾಕೀನಿ. ನಿನ್ನಿವನ್ನ ತೊಳದು ಹಾಕೀನಿ."

"ಅಯ್ಯ ಹುಚ್ಚಿ! ಒಮ್ಮೆ ಕುದ್ದ ಚೂರಿನಾಗ ಗಾಳಿ ಎಲ್ಲಿರತೈತಿ?"

ಅವಳು ಕರೆಂಟ್ ಒಲೆ ಆರಿಸಿದ್ದರೂ ಅದರ ತಂತಿ ಇನ್ನೂ ಕೆಂಪಗಿತ್ತು. ಕುದಿಯುವ ಹದ ಮೀರಿ ಕಾದಿದ್ದ ಥಿನ್ನರ್, ಯಾರೂ ಮುಟ್ಟದಿದ್ದರೂ, ಯಾವ ಗಳಿಗೆಯಲ್ಲಾದರೂ ತಾನಾಗಿ ಸಿಡಿದು ಉಕ್ಕಿ, ಆ ತಂತಿಗೆ ತಾಗಿ ಹೊತ್ತಿಕೊಳ್ಳಬಹುದಿತ್ತು. ಅವಳು ಹೊರಬರಬೇಕೆಂದರೆ ಪಾತ್ರೆಗೆ ಮೈ ತಾಗುವಷ್ಟು ಇಕ್ಕಟ್ಟು.

"ಸೀನಬ್ಯಾಡ ಮತ್ತ. ನೀ ಸೀನಿದ್ರ ಓಣಿನೇ ಎದ್ದು ಕೂಡತೈತಿ."

"ನಗಸಬ್ಯಾಡ್ರೀ. ಹೊರಗ ಡ್ರಮ್ ಅದಾವ, ಮಂದಿ ಅದಾರ. ಬೆಂಕಿ ಅಲ್ಲಿಗೆ ಹೋಗಬಾರದು. ಬಾಗಲಾ ಹಾಕಿ ಹೋಗ್ರಿ."

"ಹಾಕ್ಲೇಬೇಕಂತೀ?"

"ಹಾಕ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಹೂಂ."

ದ್ಯಾಮಣ್ಣ ಹೊರಗಿನವರಿಗೆ ದೂರ ಸರಿಯಲು ಕೂಗಿ ಹೇಳಿದ. ಆಮೇಲೆ ಒಳಗೆ ಬಂದು, ಸದ್ದಾಗದಂತೆ ಬಾಗಿಲು ಮುಚ್ಚಿ, ಚಿಲಕ ಹಾಕಿದ.